ನವಿಲುಕೋಸು ತುಂಬಿದ ಕೈಫಿರಂಗಿ

ನನ್ನ ಗಂಡನ ಬಲ ಹೆಗಲ ಮೂಳೆ ಚಳಿ ಬಿದ್ದರೆ ಈಗಲೂ ನೋಯುತ್ತದೆ. ಸ್ವೀಡನ್ನಿನ ಈ ಗೋಥೆನ್‌ಬರ್ಗಿನಲ್ಲಿ ಚಳಿ ಎಂದರೆ ವರ್ಷದ ಮುಕ್ಕಾಲು ಪಾಲು. ಆ ಮೂಳೆ ಮುರಿದವನು ಇವರ ಬಾಸ್. ಇವರು ಎಷ್ಟೇ ತಿದ್ದಲಿ, ನಾನು ಹಾಗೆಯೇ ಹೇಳುವವಳು.

ಬಾಸ್‌ಗೆ ಹಳೆಯ ಕೋವಿಗಳ ಹುಚ್ಚು. ಊರಾಚೆ ಕೆರೆಯ ದಡದಲ್ಲಿ ಅವನದೊಂದು ಬೇಸಿಗೆ ಮನೆ, ಅದರ ಒಂದು ಕೋಣೆಯ ತುಂಬ ಅವೇ. ಅಕ್ಟೋಬರಿನ ಒಂದು ಭಾನುವಾರ ಆಫೀಸಿನ ಕೆಲವರನ್ನು ಅಲ್ಲಿಗೆ ಫೀಕಾಗೆ, ಅಂದರೆ ಕಾಫಿ-ಕೇಕಿಗೆ, ಕರೆದ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ನಾವೂ ಹೋದೆವು. ಹೋಗದೆ ಗತಿಯಿರಲಿಲ್ಲ. ನಮ್ಮ ವರ್ಕ್ ಪರ್ಮಿಟ್ ಮುಗಿಯುತ್ತ ಬಂದಿತ್ತು. ಕೆಲಸ ಮುಂದುವರಿಯುತ್ತದೆ ಎಂದು ಅವನು ಸಹಿ ಹಾಕಬೇಕು. ಹಾಕುತ್ತೇನೆ ಅನ್ನುತ್ತ ಸತಾಯಿಸುತ್ತಿದ್ದ. ಸಹಿ ಬೀಳದಿದ್ದರೆ ಮಗಳನ್ನು ದಾಗಿಸ್‌ನಿಂದ, ಇಲ್ಲಿನ ಶಿಶುವಿಹಾರದಿಂದ, ಬಿಡಿಸಿ ಗಂಟುಮೂಟೆ ಕಟ್ಟುವುದೇ.

ಕೋಣೆಯಲ್ಲಿ ಮೊದಲು ತೋರಿಸಿದ್ದು ಕೋಲಿನ ತುದಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿದಂಥದೊಂದು ಕೋವಿ. ಆಮೇಲೆ ಅವನ ಮುದ್ದಿನ ಕೈಫಿರಂಗಿ ಹೊರಬಂತು. ಮೊಟಕು ಹಿತ್ತಾಳೆ ಕೊಳವೆ, ಹಿಂದೆ ಮರದ ಹಿಡಿ, ಬಾಯಿ ದೇವರ ಮನೆಯ ಪಂಚಪಾತ್ರೆಯಷ್ಟು ಅಗಲ. ಮದ್ದು ತುಂಬಿದ ಕಬ್ಬಿಣದ ಉಂಡೆಯ ಬತ್ತಿಗೆ ಬೆಂಕಿ ಹಚ್ಚಿ, ಇದರ ಬಾಯಿಗೆ ಹಾಕಿ, ಶತ್ರುವಿನತ್ತ ಹಾರಿಸುತ್ತಿದ್ದರಂತೆ. ಹಾರದೆ ಒಳಗೇ ಉಳಿದರೆ ಸಿಪಾಯಿಯ ಕೈಯೂ ಹೋಯಿತು, ಮುಖವೂ ಹೋಯಿತು. ಅದನ್ನು ಹೇಳುವಾಗ ಅವನು ಬೆರಳಿಗಂಟಿದ ಕೇಕಿನ ಕೆನೆ ನೆಕ್ಕುತ್ತಿದ್ದ. ಇಷ್ಟು ಹಳೆಯದನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ, ಹಾರಿಸಲು ಮಾತ್ರ ಬೇಕು, ತನ್ನಲ್ಲಿ ಇಲ್ಲ ಎಂದು ಕಣ್ಣು ಹೊಡೆದ.

ಎಲ್ಲರೂ ಕೆರೆಯ ಕಡೆ ನಡೆದೆವು. ಬಾಸ್ ಕೊಳವೆಗೆ ಮದ್ದು ಸುರಿದು, ಚಿಂದಿ ತುರುಕಿ, ತೋಟದಿಂದ ಕಿತ್ತ ನವಿಲುಕೋಸನ್ನು ಅದರ ಮೇಲೆ ಇಟ್ಟ. ಹಿಡಿಯನ್ನು ನೆಲಕ್ಕೆ ಒತ್ತಿ ಹಾರಿಸಿದ. ನವಿಲುಕೋಸು ನೀರಿನ ಮೇಲೆ ಚೂರುಚೂರಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮತ್ತೆ ತುಂಬಿಸಿ ಪಕ್ಕದಲ್ಲಿದ್ದ ಸ್ವೀಡಿಷ್ ಸಹೋದ್ಯೋಗಿಗೆ ನೀಡಿದ. ಆತ ಬೇಡ, ಥ್ಯಾಂಕ್ಸ್ ಎಂದು ಕಾಫಿ ಬಗ್ಗಿಸಿಕೊಂಡ. ಅಷ್ಟೇ. ಯಾರಿಗೂ ಏನೂ ಅನಿಸಲಿಲ್ಲ.

ಆಗ ಬಾಸ್ ಇವರತ್ತ ತಿರುಗಿದ. ನಿಜವಾದ ಗಂಡಸರು ಇದನ್ನು ಹೆಗಲಿಗಿಟ್ಟು ಹಾರಿಸುತ್ತಿದ್ದರು ಎಂದ. ತಾನು ಮಾತ್ರ ನೆಲಕ್ಕೊತ್ತಿ ಹಾರಿಸಿದ್ದನ್ನು ನಾವೆಲ್ಲ ಆಗಷ್ಟೇ ನೋಡಿದ್ದೆವು. ನಾನು ಬೇಡ ಎಂದು ತಲೆಯಾಡಿಸಿದೆ. ಇವರು ನೋಡಿಯೂ ನೋಡದಂತಿದ್ದರು. ಈ ದೇಶದಲ್ಲಿ ಬಾಸನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ. ಇವರೂ ಕರೆಯುತ್ತಾರೆ, ಆದರೆ ನನಗೆ ಅದು 'ಸರ್' ಎಂದೇ ಕೇಳಿಸುತ್ತದೆ. ಮೊಬೈಲುಗಳು ಮೇಲೆದ್ದವು. ಇವರು ಅದನ್ನು ಹೆಗಲಿಗೆ ಒತ್ತಿಕೊಂಡರು.

ಹೊಗೆ ಚದುರಿದಾಗ ಇವರು ಅಂಗಾತ ಬಿದ್ದಿದ್ದರು. ಬಲಗೈ ತಮ್ಮದಲ್ಲವೆಂಬಂತೆ ಹುಲ್ಲಿನ ಮೇಲಿತ್ತು. ಬಾಸ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಇವರು ಏಳದಿದ್ದಾಗ ಹತ್ತಿರ ಬಂದು ಕುಕ್ಕರಿಸಿ, ಆಸ್ಪತ್ರೆಯಲ್ಲಿ ಕೇಳಿದರೆ ಇಲ್ಲಿನ ಒದ್ದೆ ಮೆಟ್ಟಿಲಲ್ಲಿ ಜಾರಿದೆ ಅನ್ನು, ನಿನ್ನ ಸಹಿಯ ವಿಷಯ ಸೋಮವಾರ ನೋಡೋಣ ಎಂದ. ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ಬಾರಿಸಲಿಲ್ಲ, ಕಾರಿನ ಕೀಲಿ ಹುಡುಕಿದೆ.

ದಾರಿಯಲ್ಲಿ ಇವರು ಎಡಗೈಯಿಂದ ನನ್ನ ಶಾಲು ಎಳೆದು ಮುಖದ ಮಸಿ ಒರೆಸಿಕೊಂಡರು.

"ನಿಮ್ಗೆ ಬೇಡ ಅನ್ನೋದಕ್ಕೆ ಬರಲ್ವಾ?" ಎಂದೆ.

"ನರ್ಸ್ ಕೇಳಿದ್ರೆ ನೀನೂ ಮೆಟ್ಟಿಲು ಅಂತಾನೇ ಹೇಳು. ಪರ್ಮಿಟ್ ಬರ್ಲಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

ನರ್ಸ್ ನನ್ನನ್ನು ಬೇರೆಯಾಗಿ ಕರೆದು ಕೇಳಿದಳು. ಮೆಟ್ಟಿಲು ಎಂದೆ. ನನ್ನ ಸ್ವೀಡಿಷ್ ಅಂದು ಒಂದು ತಪ್ಪೂ ಇಲ್ಲದೆ ಬಂತು.

ಸಹಿ ಬಿತ್ತು, ಪರ್ಮಿಟ್ಟೂ ಬಂತು. ಮುಂದಿನ ಜೂನಿನ ಮಿಡ್‌ಸೊಮ್ಮರ್ ಹಬ್ಬಕ್ಕೆ ಮತ್ತೆ ಅದೇ ಮನೆಗೆ ಕರೆ. ಹೊಸದಾಗಿ ಸೇರಿದವರ ಮುಂದೆ ಬಾಸ್ ಇವರ ಬೆನ್ನು ತಟ್ಟಿ, ಇವನಿಗೆ ಲೆಕ್ಕ ಬಿಟ್ಟರೆ ಇನ್ನೇನೂ ಬರದು, ಮೆಟ್ಟಿಲಿಳಿಯುವುದೂ ಬರದು, ಹೋದ ವರ್ಷ ಇಲ್ಲೇ ಮೂಟೆಯ ಹಾಗೆ ಉರುಳಿ ಮೂಳೆ ಮುರಿದುಕೊಂಡ ಎಂದ. ಮೊದಲು ನಕ್ಕವರು ನನ್ನ ಗಂಡ. ಆಮೇಲೆ ನನ್ನತ್ತ ತಿರುಗಿ, ನೀನೂ ನಗು ಎಂದು ಕಣ್ಣಲ್ಲೇ ಬೇಡಿಕೊಂಡರು.