ನಲವತ್ತೊಂದನೆಯ ಬಾಗಿಲು

ದೌಲತಾಬಾದ್ ಕೋಟೆಯ ಬುಡದಲ್ಲಿ, ವೇರೂಳಿಗೆ, ಅಂದರೆ ಎಲ್ಲೋರಕ್ಕೆ ಹೋಗುವ ರಸ್ತೆಗೆ ಮುಖಮಾಡಿಕೊಂಡು ಉಮಾನಾಥನ ಸಸ್ಯಾಹಾರಿ ಹೋಟೆಲು ಇತ್ತು. ಈಗ ಛತ್ರಪತಿ ಸಂಭಾಜಿನಗರ ಅನ್ನುವ ಪೇಟೆಯನ್ನು ಬಸ್ಸಿನ ಬೋರ್ಡುಗಳು ಔರಂಗಾಬಾದ್ ಎಂದು ಹೇಳುತ್ತಿದ್ದ ಕಾಲ ಅದು. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದ ಮನೋರಮಾ ಆ ಹೋಟೆಲಿನ ಗಿರಾಕಿಗಳಿಗೆ ಅಕ್ಕ, ಕೆಲಸದವರಿಗೆ ಅಮ್ಮ, ಗಂಡನಿಗೆ “ಹೋಯ್, ಕೇಳ್ತಾ?” ಆಗಿದ್ದಳು. ಅವಳ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದಿತ್ತು, ಅಷ್ಟೆ.

ಎರಡು ಸಾವಿರದ ಮೂರರ ಡಿಸೆಂಬರಿನಲ್ಲಿ ಇಡ್ಲಿ ತಿಂದು ಹೋದ ಪರದೇಶದ ಹೆಂಗಸೊಬ್ಬಳು ಬೆಂಚಿನ ಮೇಲೆ ಒಂದು ಇಂಗ್ಲಿಷ್ ಪುಸ್ತಕ ಬಿಟ್ಟುಹೋದಳು. ಎರಡೂ ಕಡೆಯ ರಟ್ಟು ಇಲ್ಲ, ಮೊದಲ ಹಾಳೆಗಳೂ ಕೊನೆಯ ಹಾಳೆಗಳೂ ಇಲ್ಲ. ಬರೆದವರು ಯಾರೆಂದು ತಿಳಿಯುವ ದಾರಿಯೇ ಇರಲಿಲ್ಲ. ಪಿಯುಸಿ ಓದಿದ್ದ ಮನೋರಮಾ ನಿಘಂಟು ಮಗ್ಗುಲಲ್ಲಿಟ್ಟುಕೊಂಡು, ದಿನಕ್ಕೆ ಎರಡು ಪುಟದಂತೆ ಅದನ್ನು ಓದಿದಳು.

ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿದು, ಶಟರು ಅರ್ಧ ಇಳಿಸಿ, ಕೆಲಸದವರು ಅಡ್ಡಾದ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಾ ಏಳು ವರ್ಷದ ಮಗಳು ಅನ್ವಿತಾಗೆ ಕತೆ ಹೇಳುತ್ತಿದ್ದಳು.

“ಆಕಾಶದಲ್ಲಿ ಹೋಗುವ ಒಂದು ಹಡಗು. ಒಳಗೆ ಹೇಗೆ? ನಮ್ಮ ಕೋಟೆಯ ಅಂಧೇರಿ ಉಂಟಲ್ಲ, ಬಾವಲಿ ಇರುವ ಆ ಕತ್ತಲೆ ದಾರಿ, ಹಾಗೆ. ಎರಡೂ ಕಡೆ ಬಾಗಿಲು. ಒಂದೊಂದು ಬಾಗಿಲ ಹಿಂದೆ ಒಬ್ಬೊಬ್ಬರು ನಿದ್ದೆ. ಕಲ್ಲಿನ ಹಾಗೆ ಕಪ್ಪಾದ ಒಬ್ಬಳು ಹೆಂಗಸು ಮಾತ್ರ ಎಚ್ಚರ. ದಿನಾ ಅಷ್ಟೂ ಜನರ ಹೆಸರು ಹೇಳುವುದೇ ಅವಳ ಕೆಲಸ. ಒಂದು ಹೆಸರು ತಪ್ಪಿತೋ, ಊರು ಬಂದಾಗ ಆ ಬಾಗಿಲು ತೆರೆಯುವುದಿಲ್ಲ.”

ಪುಸ್ತಕದ ಹೆಸರುಗಳು ಮನೋರಮಾಳ ನಾಲಿಗೆಗೆ ಹೊರಳುತ್ತಿರಲಿಲ್ಲ. ತವರಿನವರು, ಹೋಟೆಲಿನವರು, ಕೋಟೆಯ ಗೈಡುಗಳು ಎಲ್ಲರನ್ನೂ ಸೇರಿಸಿ ನಲವತ್ತು ಮಾಡಿಕೊಂಡಿದ್ದಳು. ಸದಾನಂದ, ಅಲಕಾ, ನರಹರಿ, ಬಿಂದುಮಾಧವ... ಮಗುವಿಗೂ ಅದು ಬಾಯಿಪಾಠ. ನಲವತ್ತು ಮುಗಿದ ಮೇಲೆ ದನಿ ತಗ್ಗಿಸಿ, “ಆದರೆ ಬಾಗಿಲು ನಲವತ್ತೊಂದು ಇತ್ತು,” ಎಂದು ಖಾಲಿ ಎಣ್ಣೆ ಡಬ್ಬದ ಮೇಲೆ ಗೆಣ್ಣಿನಿಂದ ಬಡಿಯುತ್ತಿದ್ದಳು. ಟಕ್. ಟಕ್. ಟಕ್.

“ಅದರೊಳಗೆ ಯಾರಮ್ಮಾ?”

“ಹಾಳೆ ಹರಿದಿದೆ” ಅನ್ನುವ ಬದಲು “ಅದು ಯಾರಿಗೂ ಗೊತ್ತಿಲ್ಲ” ಅನ್ನುತ್ತಿದ್ದಳು. “ನಿನಗೆ ಈ ಕತೆ ಯಾರು ಹೇಳಿದ್ದು?” ಎಂದರೆ, “ನನ್ನ ಅಜ್ಜಿ. ನಿನ್ನ ಮುತ್ತಜ್ಜಿ.” ಅವಳ ಮನೆಯಲ್ಲಿ ಕತೆ ಅಂದಮೇಲೆ ಅದು ಅಜ್ಜಿಯದೇ. ಸುಳ್ಳು ಹೇಳಿದೆನೆಂದು ಅವಳಿಗೆ ಅನ್ನಿಸಲೂ ಇಲ್ಲ.

ಮರುವರ್ಷ ಜುಲೈಯ ಒಂದು ಮಧ್ಯಾಹ್ನ. ಮಳೆ ಆಗಷ್ಟೇ ನಿಂತಿತ್ತು. ನಲವತ್ತು ಹೆಸರು ಮುಗಿದವು. ಮನೋರಮಾ ಡಬ್ಬ ಬಡಿಯಲು ಕೈ ಎತ್ತಿದಳು. ಕೈ ಇನ್ನೂ ಮೇಲೇ ಇತ್ತು.

ಶಟರು ಬಡಿಯಿತು. ಟಕ್. ಟಕ್. ಟಕ್.

ತಾಯಿ ಮಗಳು ಇಬ್ಬರೂ ತಿರುಗಿ ನೋಡಿದರು. ಅರ್ಧ ಇಳಿದ ಶಟರಿನ ಆಚೆ ಯಾರು ನಿಂತರೂ ಕೆಳಗಿನ ಸಂದಿಯಲ್ಲಿ ಕಾಲು ಕಾಣಲೇಬೇಕು. ಕಾಲಿರಲಿಲ್ಲ. ಒದ್ದೆ ರಸ್ತೆ ಹೊಳೆಯುತ್ತಿತ್ತು. ಮೆಟ್ಟಿಲ ಮೇಲಿನ ಕೆಸರಿನಲ್ಲಿ ಒಂದು ಹೆಜ್ಜೆಯ ಗುರುತೂ ಇಲ್ಲ.

ಎದ್ದು ಬಂದ ಉಮಾನಾಥ ನಕ್ಕುಬಿಟ್ಟ. “ಬಸ್ಸು ಹೋದದ್ದಕ್ಕೆ ಅಲುಗಿತು ಮಾರಾಯ್ತಿ. ಇಲ್ಲದಿದ್ದರೆ ನಿನ್ನ ಕತೆ ಕೇಳಲು ಬೆಕ್ಕೂ ಬಾಗಿಲು ಬಡಿಯಿತೋ ಏನೋ!”

ಮನೋರಮಾ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ, ದೊಡ್ಡ ಪಾತ್ರೆಗಳ ಹಿಂದೆ ಅಟ್ಟಕ್ಕೆ ಹಾಕಿದಳು. ಕತೆ ನಿಂತಿತು. ಬಡಿತ ನಿಲ್ಲಲಿಲ್ಲ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ, ಶಟರು ಇಳಿದ ಆ ಹೊತ್ತಿಗೇ ಮೂರು ಸಲ ಕೇಳುತ್ತಿತ್ತು. ಅವಳು ಯಾರಿಗೂ ಹೇಳದೆ, ಆ ಹೊತ್ತಿಗೆ ಸರಿಯಾಗಿ ಗ್ರೈಂಡರ್ ಹಾಕುವುದನ್ನು ರೂಢಿ ಮಾಡಿಕೊಂಡಳು. ಹತ್ತು ವರ್ಷ ಆ ಗರಗರದ ಹಿಂದೆ ಅಡಗಿ ಕೂತಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಅನ್ವಿತಾ ನಾಸಿಕದ ಕಾಲೇಜೊಂದರಲ್ಲಿ ಓದುತ್ತಿದ್ದಳು, ಹಾಸ್ಟೆಲ್ಲಿನಲ್ಲಿದ್ದಳು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅವಳ ಫೋನು ಬಂತು.

“ಅಮ್ಮಾ, ಆ ನಲವತ್ತೊಂದು ಬಾಗಿಲಿನ ಕತೆ ಮುತ್ತಜ್ಜಿದೇ ನಾ? ಖರಂ ಸಾಂಗ್, ನಿಜ ಹೇಳು.”

“ಎಂತ ಆಯ್ತು ಮಗಾ?”

“ಅದನ್ನೇ ಮರಾಠಿಯಲ್ಲಿ ಬರೆದೆ. ಸ್ಪರ್ಧೆಯಲ್ಲಿ ಫಸ್ಟ್ ಬಂತು. ಈಗ ಇಂಗ್ಲಿಷ್ ಕಲಿಸುವ ಮೃಣಾಲಿನಿ ಮ್ಯಾಡಮ್ ಅದು ಅಮೆರಿಕದ ಪುಸ್ತಕದ್ದು ಅಂತಿದ್ದಾರೆ. ಎಲ್ಲರೂ ಚೋರ್ ಅಂತಾರೆ ಅಮ್ಮಾ. ನಾನು ಮುತ್ತಜ್ಜಿ ಮೇಲೆ ಶಪಥ ಮಾಡಿ ಹೇಳಿದೆ, ನಮ್ಮ ಮನೆ ಕತೆ ಅಂತ. ಸೋಮವಾರದೊಳಗೆ ಪುರಾವೆ ಕೊಡದಿದ್ದರೆ ಕದ್ದ ಕತೆ ಅಂತ ನೋಟೀಸ್ ಹಾಕ್ತಾರೆ. ನಾನಿನ್ನು ಬರೆಯೋದೇ ಇಲ್ಲ, ಬಸ್, ಸಾಕು.”

ಮನೋರಮಾ ಫೋನನ್ನು ಕಿವಿಗೆ ಒತ್ತಿಕೊಂಡಳು. ಮಗಳ ಅಳು ಸರಿಯಾಗಿ ಕೇಳಲೆಂದು ಗ್ರೈಂಡರ್ ಆರಿಸಿದಳು. ಆರಿಸಿದ ಕೂಡಲೇ ಶಟರಿನ ಕಡೆಯಿಂದ ಟಕ್, ಟಕ್, ಟಕ್.

“ನಾನು ಬರ್ತೇನೆ,” ಎಂದಳು. ಮಗಳಿಗೆ ಹೇಳಿದಳೋ ಆ ಶಟರಿಗೆ ಹೇಳಿದಳೋ, ಅವಳಿಗೇ ತಿಳಿಯಲಿಲ್ಲ.

ಸೋಮವಾರ ಬೆಳಗಿನ ಮೊದಲ ಬಸ್ಸು ಹಿಡಿದು, ಪೇಪರಿನ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ನಾಸಿಕಕ್ಕೆ ಹೋದಳು. ಇಂಗ್ಲಿಷ್ ವಿಭಾಗದ ಕೋಣೆಯಲ್ಲಿ ಕೂತಿದ್ದ ಪ್ರೊಫೆಸರ್ ಮೃಣಾಲಿನಿ ಧಾರವಾಡದ ಹೆಂಗಸು.

“ಬರ್ರಿ, ಕೂಡ್ರಿ. ನಿಮ್ಮ ಅಜ್ಜಿ ಭಾಳ ಶಾಣ್ಯಾ ಇದ್ರು ಕಾಣಸ್ತದ. ಆಕಾಶದ ಹಡಗ ಮಾಡಿ ಇಟ್ಟಿದ್ದರು,” ಎಂದು ಚುಚ್ಚಿದರು.

ಮನೋರಮಾ ಪೊಟ್ಟಣ ಬಿಚ್ಚಿದಳು. “ಅಜ್ಜಿ ಹೇಳಿದ್ದಲ್ಲ. ಇದರಲ್ಲಿ ಓದಿದ್ದು. ಹೆಸರು ಹರಿದುಹೋಗಿತ್ತು, ಅದಕ್ಕೆ ಅಜ್ಜಿ ಹೆಸರು ಹೇಳಿದೆ. ತಪ್ಪು ನನ್ನದು. ಹುಡುಗಿಗೆ ಗೊತ್ತಿಲ್ಲ.”

ಪಕ್ಕದಲ್ಲಿದ್ದ ಅನ್ವಿತಾ ತಾಯಿಯ ಮುಖ ನೋಡಿದಳು.

ಮೃಣಾಲಿನಿ ಕಪಾಟಿನಿಂದ ಅದೇ ಪುಸ್ತಕದ ಹರಿಯದ ಪ್ರತಿ ತೆಗೆದು ಮುಂದಿಟ್ಟರು. ಹಿಂದಿನ ರಟ್ಟಿನ ಮೇಲೆ ಕಪ್ಪು ವರ್ಣದ ಹೆಂಗಸಿನ ಫೋಟೋ. ದಪ್ಪ ಕನ್ನಡಕ. ಬಲಗೈಯ ಗೆಣ್ಣು ಮೇಜಿಗೆ ಊರಿತ್ತು, ಇನ್ನೇನು ಬಡಿಯುವವಳ ಹಾಗೆ.

“ಓಡೆಸ್ಸಾ ಪಿಕೆಟ್ ಅಂತ ಆಕಿ ಹೆಸರು. ಆಕಿ ಹಿರೇರನ್ನ ಹಡಗಿನ್ಯಾಗ ತುಂಬಿ ಮಾರಾಕ ಒಯ್ದಿದ್ರು. ಹಡಗಿನ ಪಟ್ಟಿಯೊಳಗ ತಲಿ ಎಷ್ಟು ಅನ್ನೋದು ಅಷ್ಟ ಇತ್ತು, ಹೆಸರು ಇರಲಿಲ್ಲ. ಅದಕ್ಕ ಆಕಿ ಮುಂದಿನ ಕಾಲದ ಹಡಗ ಮಾಡಿ ಹೆಸರ ತುಂಬಿದ್ಲು. ಆಕಿ ಹೋಗಿ ಹತ್ತು ವರ್ಷಾತು ನೋಡ್ರಿ. ಎರಡು ಸಾವಿರದ ನಾಲ್ಕು, ಜುಲೈ.”

ಒದ್ದೆ ರಸ್ತೆಯ ಹೊಳಪು ಮನೋರಮಾಳ ಕಣ್ಣಮುಂದೆ ಹಾದುಹೋಯಿತು. “ನಲವತ್ತೊಂದನೇ ಬಾಗಿಲು ಯಾರದ್ದು?” ಎಂದು ಕೇಳಿದಳು.

ಮೃಣಾಲಿನಿ ಕೊನೆಯ ಪುಟ ತಿರುವಿದರು. “ಹೆಸರು ಹೇಳತಿದ್ಲಲ್ಲಾ, ಆಕೀದ. ಎಲ್ಲಾರ ಹೆಸರೂ ಆಕಿ ಹೇಳಿದ್ಲು, ಆಕಿ ಹೆಸರು ಹೇಳಾಕ ಯಾರೂ ಎಚ್ಚರ ಇರಲಿಲ್ಲ.” ಆಮೇಲೆ ಇನ್ನೂ ನಾಲ್ಕು ಪುಸ್ತಕ ತೆಗೆದು ಸಾಲಾಗಿಟ್ಟರು. “ಇವ್ರೆಲ್ಲಾ ಆಕಿ ನಂತರ ಬಂದ ಬರಹಗಾರರು. ಒಬ್ಬಾಕಿ ಜಮೈಕಾದಾಕಿ, ಒಬ್ಬಾಂವ ನೈಜೀರಿಯಾದಾಂವ. ಆಕಿ ಹಡಗಿನ್ಯಾಗ ತಮ್ಮ ಮಂದೀನ್ನ ಹತ್ತಿಸ್ಕೊಂಡಾರ. ಆದ್ರ ಮೊದಲನೇ ಪುಟ ನೋಡ್ರಿ.”

ನಾಲ್ಕರಲ್ಲೂ ಕತೆಗಿಂತ ಮೊದಲು ಒಂದೇ ಸಾಲು: ಓಡೆಸ್ಸಾ ಪಿಕೆಟ್.

“ನಿನ್ನ ಕತಿ ಛಲೋ ಅದ ಹುಡುಗಿ,” ಎಂದರು ಮೃಣಾಲಿನಿ, ಈ ಸಲ ಮೆತ್ತಗೆ. “ದೌಲತಾಬಾದ್ ಕೋಟಿ ಒಳಗಿನ ಕತ್ತಲಿ ಆಕಿ ಪುಸ್ತಕದಾಗ ಇಲ್ಲ, ಅದು ನಿಂದ. ಆದ್ರ ಆ ಹೆಸರು ಬರೀಲಿಲ್ಲಲ್ಲ, ಅದಕ್ಕ ಜಗಳ.”

ಬಹುಮಾನ ಎರಡನೆಯವಳಿಗೆ ಹೋಯಿತು. ನೋಟೀಸ್ ಹಾಕಲಿಲ್ಲ. ಕತೆಯ ತಲೆಯಲ್ಲಿ ಆ ಹೆಸರು ಬರೆದುಕೊಟ್ಟರೆ ಕಾಲೇಜಿನ ಸಂಚಿಕೆಯಲ್ಲಿ ಹಾಕುವುದಾಗಿ ಹೇಳಿದರು. ಅನ್ವಿತಾ ಪೆನ್ನು ಮುಟ್ಟಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಬಂದು, ಬಸ್ಸು ಹೊರಟಾಗ, “ನಿನ್ನ ಕತೆ ನಂಬಿ ಶಪಥ ಮಾಡಿದೆ ಅಮ್ಮಾ,” ಎಂದಳು, ಅಷ್ಟೆ.

ದೀಪಾವಳಿ ರಜೆಗೆ ಮನೆಗೆ ಬಂದವಳು ಮಧ್ಯಾಹ್ನ ತಾನೇ ಶಟರು ಅರ್ಧ ಇಳಿಸಿ, ಗ್ರೈಂಡರಿನ ಸ್ವಿಚ್ಚಿಗೆ ಹೋದ ತಾಯಿಯ ಕೈ ತಡೆದಳು. ಅಕ್ಕಿಯ ಮೊರದ ಎದುರು ಕೂತು ನಲವತ್ತು ಹೆಸರು ಹೇಳಿದಳು. ಒಂದೂ ಮರೆತಿರಲಿಲ್ಲ. ಆಮೇಲೆ ಶಟರಿನ ಕಡೆ ನೋಡಿ, “ಓಡೆಸ್ಸಾ ಪಿಕೆಟ್,” ಎಂದಳು.

ಇಬ್ಬರೂ ಕಾದರು. ಒಳಗೆ ಉಮಾನಾಥನ ಗೊರಕೆ. ರಸ್ತೆಯಲ್ಲಿ ಬಸ್ಸಿಲ್ಲ. ಮನೋರಮಾ ಹತ್ತು ವರ್ಷ ಹಿಡಿದಿದ್ದ ಉಸಿರು ಬಿಟ್ಟಳು.

ಟಕ್. ಟಕ್. ಟಕ್. ಈ ಸಲ ಮೆಲ್ಲಗೆ, ಏನೋ ನೆನಪಿಸುವ ಹಾಗೆ.

“ಇನ್ನು ಯಾರು ಬಾಕಿ ಮಾರಾಯ್ತಿ?” ಮನೋರಮಾ ಶಟರಿನ ಕಡೆ ತಿರುಗಿ ಕೇಳಿದಳು.

ಅನ್ವಿತಾ ತಾಯಿಯನ್ನು ನೋಡಿದಳು. ನೋಡುತ್ತಾ ಕೂತು, ಹುಟ್ಟಿದಂದಿನಿಂದ ಬಾಯಲ್ಲಿ ಆಡದ ಹೆಸರನ್ನು ಆಡಿದಳು.

“ಮನೋರಮಾ.”

“ಓ,” ಎಂದಳು ಮನೋರಮಾ, ತಾನು ಓಗೊಟ್ಟದ್ದು ತನಗೇ ತಿಳಿಯುವ ಮೊದಲೇ.

ಶಟರಿನ ಕೆಳಗಿನ ಸಂದಿಯಲ್ಲಿ ಒಂದು ನೆರಳು ಅಲುಗಿ ಕೋಟೆಯ ಕಡೆಗೆ ಸರಿಯಿತು. ಅನ್ವಿತಾ ಚೀಲದಿಂದ ಕತೆಯ ಹಾಳೆಗಳನ್ನು ತೆಗೆದು, ಮೊದಲ ಹಾಳೆಯ ತಲೆಯಲ್ಲಿ ಎರಡು ಹೆಸರು ಬರೆಯತೊಡಗಿದಳು. ಮನೋರಮಾ ಸೀರೆಗೆ ಅಂಟಿದ ಅಕ್ಕಿಕಾಳು ಕೊಡವಿಕೊಂಡು ಎದ್ದು, ಆ ಹೊತ್ತಿನಲ್ಲಿ ಎಂದೂ ಎತ್ತದ ಶಟರನ್ನು ಪೂರ್ತಿ ಮೇಲಕ್ಕೆತ್ತಿದಳು.