ಬಿಚ್ಚಿ ಸುತ್ತಿಟ್ಟ ನೂಲು

ಆ ದಿನ ಅಮ್ಮ ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಬಂಗುಡೆ ಮೀನು ಕೊಯ್ಯುತ್ತಿದ್ದಳು. ಬೆಕ್ಕು ಎಂದಿನಂತೆ ಅವಳ ಸೆರಗಿನ ತುದಿಯ ಮೇಲೆ ಕುಳಿತಿತ್ತು. ತಲೆ, ಕರುಳು ಎಲ್ಲ ತಿಂದು ಮುಗಿಸಿದರೂ ಏಳಲಿಲ್ಲ.

"ಹ್ವಾಯ್ ಕಳ್ಳಿ, ಸೆರ್ಗ್ ಬಿಡ್. ನಂಗ್ ಎದ್ದ್ ಹೋಪುಕಿತ್ತ್" ಎಂದು ಅಮ್ಮ ಗದರಿದಳು. ಗದರಿದಳೇ ಹೊರತು ಸೆರಗು ಎಳೆದುಕೊಳ್ಳಲಿಲ್ಲ. ಅದಾಗಿ ಎಷ್ಟೋ ಹೊತ್ತು ಅಲ್ಲಿಯೇ ಕುಳಿತಿದ್ದಳು.

ಮರುದಿನ ಮೀನು ಮಾರಲು ಹೋದವಳು ಬುಟ್ಟಿಯ ಪಕ್ಕದಲ್ಲೇ ಕುಸಿದಳಂತೆ. ಮನೆಗೆ ಜೀವಸಹಿತ ಬರಲಿಲ್ಲ.

ಬೈಂದೂರು ಕಡೆಯ ಆ ಬಾಡಿಗೆ ಮನೆಯಲ್ಲಿ ನಾನು ಮತ್ತು ಬೆಕ್ಕು ಉಳಿದೆವು. ಅಪ್ಪ ಮೊದಲೇ ತೀರಿಕೊಂಡಿದ್ದ. ಅಮ್ಮನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಅಣ್ಣ ಸಾಸ್ತಾನದ ತನ್ನ ಹೊಸ ಮನೆಗೆ ಕರೆದ. ಬೆಕ್ಕನ್ನು ಬಿಟ್ಟು ಬರುವುದಿಲ್ಲ ಎಂದೆ.

"ತಕಂಡ್ ಬಾ ಮರಾಯ್ತಿ. ಅಬ್ಬಿ ಸಾಕದ್ ಅಲ್ದಾ? ನಾನೇ ತೊಡಿ ಮೇಲ್ ಇಟ್ಕಂಡ್ ಹೋತೆ" ಎಂದ. ಅಮ್ಮನನ್ನು ಅವನು ಅಬ್ಬಿ ಎನ್ನುತ್ತಿದ್ದ.

ಮನೆ ಬದಲಿಸುವಾಗ ಬೆಕ್ಕಿಗೆ ದಾರಿ ಕಾಣಿಸಬಾರದು, ಹೊಸ ಮನೆಯಲ್ಲಿ ಕಾಲಿಗೆ ತುಪ್ಪ ಸವರಿದರೆ ನೆಕ್ಕಿಕೊಂಡು ಅಲ್ಲೇ ನಿಲ್ಲುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಅಮ್ಮನ ಮೀನಿನ ಬುಟ್ಟಿ ತೊಳೆದು, ಅವಳ ಹಳೆಯ ಸೀರೆ ಹಾಸಿ, ಬೆಕ್ಕನ್ನು ಕೂರಿಸಿದೆ. ಇನ್ನೊಂದು ಬುಟ್ಟಿ ಕವುಚಿ ಎರಡರ ಅಂಚನ್ನೂ ಬಲೆಯ ನೂಲಿನಿಂದ ಬಿಗಿದೆ. ಅಪ್ಪ ನನಗೂ ಅಣ್ಣನಿಗೂ ಕಲಿಸಿದ್ದ ಗಂಟು ಅದು. ಎಳೆದಷ್ಟೂ ಬಿಗಿಯುತ್ತದೆ.

ಸಾಮಾನು ಹೇರಿದ ಟೆಂಪೋದಲ್ಲಿ ಮುಂದೆ ಒಬ್ಬರಿಗೇ ಜಾಗವಿತ್ತು. ಅಣ್ಣ ಬುಟ್ಟಿಯೊಂದಿಗೆ ಹತ್ತಿದ. ನಾನು ಮನೆಯ ಕೀಲಿಕೈಯನ್ನು ಮಾಲೀಕರಿಗೆ ಕೊಟ್ಟು, ತುಪ್ಪದ ಕರಡಿಗೆ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ.

ಸಾಸ್ತಾನದ ಮನೆಯ ಅಂಗಳದಲ್ಲಿ ಬುಟ್ಟಿಗಳು ಬಿದ್ದಿದ್ದವು, ಬೆಕ್ಕಿರಲಿಲ್ಲ.

"ಅರಾಟೆ ಸೇತ್ವಿ ಹತ್ರ ಗಾಡಿ ನಿಂತಿತ್ತ್. ನೂಲ್ ಕಚ್ಚಿ ಹರ್ಕಂಡ್ ಹಾರಿ ಹೋಯ್ತ್ ಕಾಣ್" ಎಂದ ಅಣ್ಣ. ಅತ್ತಿಗೆ ನೀರು ತಂದುಕೊಟ್ಟಳು. ಅವಳಿಗೆ ಆಗ ತಿಂಗಳು ತುಂಬುತ್ತಿತ್ತು.

ಮರುದಿನದಿಂದಲೇ ಹುಡುಕತೊಡಗಿದೆ. ಬಸ್ಸಿನಲ್ಲಿ ಅರಾಟೆಗೆ ಹೋಗಿ ಸೇತುವೆಯ ಕೆಳಗೆ, ತೆಂಗಿನ ತೋಟಗಳ ಬದಿಯಲ್ಲಿ ಕರೆಯುತ್ತಿದ್ದೆ. ಆಚೆ ದಡದ ಒಬ್ಬ ಹೆಂಗಸು, "ಎಂತ ಹೆಣೆ, ಬೆಕ್ಕ್ ಹುಡ್ಕುಕ್ ಬಸ್ಸಿಗ್ ಬತ್ಯಾ? ನಮ್ಮನಿ ಬೆಕ್ಕ್ ಬೇಕಾರ್ ತಕಂಡ್ ಹೋಗ್, ನಾಲ್ಕ್ ಇತ್ತ್" ಎಂದು ನಗುತ್ತಿದ್ದಳು.

ಒಂದು ಭಾನುವಾರ ಅಣ್ಣನೂ ಜೊತೆಗೆ ಬಂದ. ಹೊಳೆಯ ಬದಿಯಲ್ಲಿ ನಿಂತು ಎರಡೂ ಕೈ ಬಾಯಿಗಿಟ್ಟು, "ಕಳ್ಳೀ, ಬಾ ಬಾ" ಎಂದು ನನಗಿಂತ ಜೋರಾಗಿ ಕರೆದ. ಅಮ್ಮ ಕರೆಯುವ ಹಾಗೆಯೇ ಎಳೆದು ಕರೆದ. ನನಗೆ ಅಳು ಬಂತು. ಇವನಿಗಾದರೂ ನನ್ನ ದುಃಖ ತಿಳಿಯಿತಲ್ಲ ಎಂದುಕೊಂಡೆ.

ಮಳೆಗಾಲ ಹತ್ತಿರವಾದಾಗ ಒಣಮೀನು ತುಂಬಿಡಲು ಆ ಬುಟ್ಟಿಗಳನ್ನು ಕೊಟ್ಟಿಗೆಯಿಂದ ತೆಗೆದೆ. ಅಮ್ಮನ ಸೀರೆ ಒಳಗೇ ಇತ್ತು. ಅದನ್ನು ಕೊಡವಿದಾಗ ನೂಲಿನ ಸುರುಳಿ ಕೆಳಗೆ ಬಿತ್ತು.

ನಮ್ಮ ಮನೆಯಲ್ಲಿ ಬಲೆಯ ನೂಲನ್ನು ಯಾರೂ ಕತ್ತರಿಸುವುದಿಲ್ಲ. ಗಂಟು ಬಿಚ್ಚಿ, ಹೆಬ್ಬೆರಳಿಗೂ ಕಿರುಬೆರಳಿಗೂ ಅಡ್ಡಡ್ಡ ಸುತ್ತಿ, ತುದಿಯನ್ನು ನಡುವಿಗೆ ಸಿಕ್ಕಿಸಿ ಇಡುತ್ತೇವೆ. ಅಪ್ಪ ಹಾಗೆ ಇಡುತ್ತಿದ್ದ. ಈ ನೂಲನ್ನೂ ಹಾಗೆಯೇ ಸುತ್ತಿಡಲಾಗಿತ್ತು. ಎಲ್ಲೂ ಹಲ್ಲಿನ ಗುರುತಿರಲಿಲ್ಲ.

ಅಣ್ಣ ಉಣ್ಣುತ್ತಿದ್ದ. ಬಟ್ಟಲ ಪಕ್ಕದಲ್ಲಿ ಸುರುಳಿ ಇಟ್ಟೆ.

"ಅಣ್ಣ, ಇದನ್ ಸುತ್ತದ್ ಯಾರ್?"

ಅವನು ನೋಡಿದ. ಸುರುಳಿಯನ್ನು ಬಟ್ಟಲಿನಿಂದ ಆಚೆ ಸರಿಸಿದ. ಅತ್ತಿಗೆ ಒಳಗಿನಿಂದಲೇ, "ಒಂದ್ ಬೆಕ್ಕಿಗ್ ಇಷ್ಟ್ ಮಾಡುದಾ? ಅತ್ತಿ ತೀರ್ಕಂಡಾಗ್ಳೂ ನೀ ಹೀಂಗ್ ಮಾಡ್ಲಿಲ್ಲ" ಎಂದಳು.

"ಬಾಣಂತಿ ಮನಿಗೆ ಬೆಕ್ಕ್ ಬ್ಯಾಡ ಅಂದ್ಳ್" ಎಂದ ಅಣ್ಣ, ತಲೆ ಎತ್ತದೆ. "ನಿಂಗ್ ಹೇಳ್ರೆ ನೀ ಬತ್ತಿದ್ಯಾ?"

"ಎಲ್ ಬಿಟ್ಟೆ?"

"ಮೀನ್ ಸಿಕ್ಕು ಜಾಗದಗೇ ಬಿಟ್ಟದ್ದ್."

"ಅರಾಟೆಯಗಾ?"

ಅಲ್ಲ ಎಂಬಂತೆ ತಲೆಯಾಡಿಸಿ, ಕೈ ತೊಳೆಯಲು ಎದ್ದು ಹೋದ.

ಬೈಂದೂರಿನಿಂದ ಸಾಸ್ತಾನದವರೆಗೆ ಮೀನು ಸಿಗದ ಊರು ಯಾವುದು? ಆಮೇಲೆ ಎರಡು ಮೂರು ಸಲ ಕೇಳಿದೆ. ಒಮ್ಮೆ ನೆನಪಿಲ್ಲ ಎಂದ, ಒಮ್ಮೆ ಸಿಟ್ಟು ಮಾಡಿದ. ಹುಟ್ಟಿದ ಮಗುವನ್ನು ನಾನೇ ಎತ್ತಿ ಆಡಿಸಿದೆ. ಅದರ ಮೇಲೆ ನನಗೆ ಮುನಿಸಿರಲಿಲ್ಲ. ಬ್ರಹ್ಮಾವರಕ್ಕೆ ಮದುವೆಯಾಗಿ ಬಂದ ಮೇಲೂ ಹಬ್ಬಕ್ಕೆ ಹೋಗಿಬರುತ್ತೇನೆ, ಮಾತಾಡುತ್ತೇನೆ. ಆದರೆ ಹೊಳೆಯ ಬದಿಯಲ್ಲಿ ಅವನು ಕೂಗಿದ ಆ ಧ್ವನಿ ನೆನಪಾದಾಗ ಅರ್ಧಕ್ಕೇ ಎದ್ದು ಅಂಗಳಕ್ಕೆ ಹೋಗುತ್ತೇನೆ.

ಬುಟ್ಟಿ ಇದೆ, ನೂಲು ಇದೆ. ಬೆಕ್ಕನ್ನು ಬಿಟ್ಟ ಜಾಗ ಯಾವುದೆಂದು ನನಗೆ ಇನ್ನೂ ಗೊತ್ತಿಲ್ಲ.