ಎಣ್ಣೆ ಡಬ್ಬದ ಪೆಟ್ರೋಲು

ಗಂಡನ ಮೋಟಾರು ಸೈಕಲನ್ನು ದೂಡುವುದು ನನ್ನ ಕೆಲಸವಾಗಿತ್ತು. ಮದುವೆಯಾಗಿ ಬಂದ ಮೊದಲ ವರ್ಷದ ಸಂಗತಿ ಇದು. ಗಂಡನ ಮನೆ ಪುಂಜಾಲಕಟ್ಟೆಯಿಂದ ಸ್ವಲ್ಪ ಮೇಲೆ. ಬೀಡಿ ಕಟ್ಟುವ ಮನೆಗಳಿಗೆ ಎಲೆ, ಹೊಗೆಸೊಪ್ಪು ಕೊಟ್ಟು, ಕಟ್ಟಿದ ಬೀಡಿ ವಾಪಸು ತರುವುದು ಅವರ ವ್ಯವಹಾರ. ಅದಕ್ಕೆಂದು ಯಾರೋ ತೋಟದವರು ಓಡಿಸಿ ಬಿಟ್ಟ ಹಳೆಯ ಗಾಡಿಯೊಂದನ್ನು ತಂದಿದ್ದರು. ಓಡುವಾಗ ಅದಕ್ಕೆ ಯಾವ ರೋಗವೂ ಇಲ್ಲ. ಕೈ ಸಡಿಲ ಬಿಟ್ಟು ನಿಲ್ಲಿಸಿದರೆ ಮಾತ್ರ ಎರಡು ಸಲ ಕೆಮ್ಮಿ ಸಾಯುತ್ತಿತ್ತು. ಸತ್ತ ಮೇಲೆ ಎಷ್ಟು ಒದ್ದರೂ ಏಳದು, ದೂಡಲೇಬೇಕು. ಮೆಕ್ಯಾನಿಕ್‌ಗಳು ಇದಕ್ಕೆ ಸ್ಲೋ ನಿಲ್ಲುವುದಿಲ್ಲ ಎನ್ನುತ್ತಾರೆ.

ಬೀಡಿ ವ್ಯವಹಾರವೆಂದರೆ ಮನೆಮನೆಯ ಎದುರು ನಿಲ್ಲಿಸುವ ವ್ಯವಹಾರ. ಹಾಗಾಗಿ ದೂಡಲು ಜೊತೆಗೆ ಜನ ಬೇಕು. ಆ ಜನ ನಾನು. ಬೆಳಿಗ್ಗೆ ಬೀಡಿಯ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತರೆ ಇಳಿಯುವುದು, ದೂಡುವುದು, ಓಡಿ ಹತ್ತುವುದು. ಬೆಳುವಾಯಿಯ ಹೋಟೆಲಿನ ಎದುರು ಕೂತವರಿಗೆ ನಮ್ಮದೇ ಆಟ. ಒಬ್ಬ ಕೂಗುತ್ತಿದ್ದ, “ಎಂತ ಮಾರಾಯ, ಗಾಡಿ ನಿನ್ನದು, ಎಂಜಿನ್ ಮಾವನ ಮನೆಯದ್ದಾ?” ಗಂಡನೂ ನಗುತ್ತಿದ್ದರು. ನನ್ನ ಸೀರೆಯ ಅಂಚಿನಲ್ಲಿ ಕೆಸರು.

ಹೀಗಿರುವಾಗ ಮಳೆಗಾಲದ ಆಟಿ ತಿಂಗಳು ಬಂತು. ನಮ್ಮ ಕಡೆ ಹೊಸದಾಗಿ ಮದುವೆಯಾದವಳು ಮೊದಲ ಆಟಿಗೆ ತಾಯಿಮನೆಗೆ ಹೋಗಿ ಕೂರಬೇಕು. ಕೂರುವುದೆಂದರೆ ಕೂರುವುದೇ. ಗಂಡನ ಮನೆಯ ಕೆಲಸ ಮುಟ್ಟುವ ಹಾಗಿಲ್ಲ, ಮುಂದಿನ ಸೋಣ ತಿಂಗಳು ಬರುವವರೆಗೆ ಯಾರೂ ಕೇಳುವ ಹಾಗಿಲ್ಲ. ನಾನು ಮದುವೆಯಾದಂದಿನಿಂದ ಕಾದದ್ದು ಅದೊಂದಕ್ಕೆ. ನಾರಾವಿಯಿಂದ ಅಣ್ಣ ಕರೆದುಕೊಂಡು ಹೋಗಲು ಬಂದ. ಗಂಡ ಎದೆ ಮುಂದೆ ಮಾಡಿ ಹೇಳಿದರು, “ನೀವು ಯಾಕೆ ಮಳೆಯಲ್ಲಿ ಕರ್ಕೊಂಡು ಹೋಗ್ಲಿಕ್ಕೆ ಭಾವ? ಗಾಡಿ ಉಂಟಲ್ಲ, ನಾನೇ ತಂದು ಬಿಡ್ತೇನೆ.” ಅಣ್ಣ ಚಹಾ ಕುಡಿದು ಹೋದ.

ಬಿಡಲಿಲ್ಲ. ನಾನು ಹೋದರೆ ದೂಡುವವರು ಯಾರು? ಅತ್ತೆ ಬಾಯಿಬಿಟ್ಟೇ ಹೇಳಿದರು, “ಗಾಡಿ ಸರಿ ಆಗ್ಲಿ, ಮತ್ತೆ ಹೋಗು. ಆಟಿ ಎಲ್ಲಿಗೂ ಓಡಿ ಹೋಗುದಿಲ್ಲ.” ಆಟಿ ಓಡುತ್ತಲೇ ಇತ್ತು.

ಎಲ್ಲಕ್ಕಿಂತ ಕೆಟ್ಟದ್ದೆಂದರೆ ಬೀಡಿ ತರಲು ಹೋಗುವ ನಾರಾವಿಯ ದಾರಿ. ತಾಯಿಯ ಮನೆ ರಸ್ತೆಯ ಬದಿಗೇ, ಬಯಲಿನ ಸಮತಟ್ಟು ಜಾಗದಲ್ಲಿ. ಬೀಡಿ ಕಟ್ಟುವ ಮನೆಗಳನ್ನು ಬಿಟ್ಟರೆ ಗಂಡ ಇಳಿಜಾರು ಇದ್ದಲ್ಲಿ ಮಾತ್ರ ನಿಲ್ಲಿಸುತ್ತಿದ್ದರು, ಅಲ್ಲಿ ದೂಡುವುದು ಹಗುರ. ಬಯಲಿನಲ್ಲಿ ನಿಲ್ಲಿಸುವ ಮಾತೇ ಇಲ್ಲ. ಶಬ್ದ ಕೇಳಿ ಅಮ್ಮ ಮಳೆಗೆ ಗೊರಬು ಹಾಕಿಕೊಂಡು ಅಂಗಳದ ತುದಿಗೆ ಬರುತ್ತಿದ್ದಳು. ನಾನು ಎದುರಿನಿಂದಲೇ ದಾಟಿ ಹೋಗುತ್ತಿದ್ದೆ. ಹಾರಿಬಿಡಬಹುದಿತ್ತು ಎಂದು ಈಗಿನವರು ಹೇಳಬಹುದು. ಮಡಿಲಲ್ಲಿ ಬೇರೆಯವರು ಕಟ್ಟಿದ ಬೀಡಿ. ಅಲ್ಲದೆ, ಗಂಡನ ಮನೆಯವರು ಕಳುಹಿಸದೆ ಹೋದವಳಿಗೆ ಆಟಿಯ ಮರ್ಯಾದೆ ಎಲ್ಲಿಂದ?

ಮೂಡುಬಿದಿರೆಯ ಮೆಕ್ಯಾನಿಕ್‌ ಹತ್ತಿರ ಎರಡು ಸಲ ಹೋದೆವು. ಅವನು ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ ಎಂಜಿನ್ ಹೆಚ್ಚು ಓಡುವ ಹಾಗೆ ಮಾಡಿ ಕಳುಹಿಸುತ್ತಿದ್ದ. ನಿಂತಲ್ಲೇ ಭೋರೆಂದು ಕೂಗುತ್ತಿತ್ತು, ಪೆಟ್ರೋಲು ಕುಡಿಯುತ್ತಿತ್ತು, ಎರಡೇ ದಿನದಲ್ಲಿ ಪುನಃ ಕೆಮ್ಮು. ನಾನು ಪಕ್ಕದಲ್ಲಿ ನಿಂತು ನೋಡಿದ್ದೆ. ಒಂದು ಸ್ಕ್ರೂ ಗಾಳಿಯದ್ದು, ಇನ್ನೊಂದು ಎಂಜಿನ್ ಎಷ್ಟು ಓಡಬೇಕು ಎನ್ನುವುದರದ್ದು. ಬೇರೆ ಕೆಲಸವಿಲ್ಲದೆ ನಿಂತವಳಿಗೆ ಅಷ್ಟು ಕಾಣದೇ ಇರುತ್ತದೆಯೇ?

ಒಂದು ದಿನ ಜೋರು ಮಳೆ. ಗಂಡ ಜಗಲಿಯಲ್ಲಿ ಕಾರ್ಬೊರೇಟರ್ ಬಿಚ್ಚಿ ತಟ್ಟೆಯಲ್ಲಿ ಹರವಿದರು. ಅದರ ಅಡಿಯಲ್ಲಿ ಪೆಟ್ರೋಲು ನಿಲ್ಲುವ ಪುಟ್ಟ ಬಟ್ಟಲು ಉಂಟು. ಅದರ ತಳದಲ್ಲಿ ಹಳದಿ ಅಂಟು ಕೂತಿತ್ತು. ಬೆರಳಿಗೆ ತಾಗಿಸಿ ಮೂಸಿದೆ. ಪೆಟ್ರೋಲಿನ ನಾತದ ಅಡಿಯಲ್ಲಿ ಕಮಟು ತೆಂಗಿನೆಣ್ಣೆಯ ವಾಸನೆ. ನಮಗೆ ಪೆಟ್ರೋಲು ಬಂಟ್ವಾಳದಿಂದ ಬರಬೇಕು. ತಂದಿಡುತ್ತಿದ್ದದ್ದು ಅತ್ತೆ ಕೊಟ್ಟ ಎಣ್ಣೆ ಡಬ್ಬದಲ್ಲಿ. ಡಬ್ಬದ ಮೂಲೆಗಳಲ್ಲಿ ವರ್ಷಗಟ್ಟಲೆ ಹೆಪ್ಪುಗಟ್ಟಿದ ಎಣ್ಣೆಯ ಜಿಡ್ಡು ಪೆಟ್ರೋಲಿಗೆ ಬಿಟ್ಟುಕೊಂಡು ಬರುತ್ತಿತ್ತು.

“ಇದು ಡಬ್ಬದ ಎಣ್ಣೆ,” ಎಂದೆ.

ಒಳಗಿಂದ ಅತ್ತೆ, “ನನ್ನ ಡಬ್ಬಕ್ಕೆ ದೂರು ಹೇಳ್ತೀಯಾ? ಬೂದಿ ಹಾಕಿ ತಿಕ್ಕಿ ಕೊಟ್ಟದ್ದು ನಾನು!”

“ಹೊರಗೆ ತಿಕ್ಕಿದ್ದೀರಿ ಅತ್ತೆ. ಒಳಗೆ ಕೈ ಹೋಗುವ ಡಬ್ಬವಾ ಅದು?”

ಗಂಡ ಬೀಡಿ ಹಚ್ಚಲು ಹೋಗಿ, ಎದುರಿಗೆ ಪೆಟ್ರೋಲು ಉಂಟೆಂದು ನೆನಪಾಗಿ ಬಿಟ್ಟರು. “ಸರಿ ಮಾರಾಯ್ತಿ, ನೀನೇ ಮಾಡು. ನನಗೆ ಸಾಕಾಗಿದೆ,” ಎಂದು ಮಲಗಲು ಹೋದರು.

ಮಾಡಿದೆ. ಸ್ಲೋಗೆ ಪೆಟ್ರೋಲು ಬರುವ ತೂತು ಬಹಳ ಸಣ್ಣದು, ಗುಡಿಸುವ ಹಿಡಿಸೂಡಿಯ ಕಡ್ಡಿಯೂ ಹೋಗುವುದಿಲ್ಲ. ಕಡಿದ ಬ್ರೇಕ್ ಕೇಬಲಿನ ಒಂದು ಎಳೆ ಬಿಡಿಸಿ ಚುಚ್ಚಿದೆ. ತೂತು ದೊಡ್ಡದಾಗದ ಹಾಗೆ, ಮೆಲ್ಲ. ಬಾಯಿಟ್ಟು ಊದಿದಾಗ ಆಚೆಯಿಂದ ಗಾಳಿ ಬಂತು. ನಾಲಗೆ ಸಂಜೆಯವರೆಗೆ ಉರಿಯಿತು. ಟ್ಯಾಂಕಿಯಲ್ಲಿದ್ದದ್ದನ್ನೆಲ್ಲ ಚೆಲ್ಲಿದೆ. ಅದಕ್ಕೆ ಅತ್ತೆ ಬೈದದ್ದು ಬೇರೆ. ಹೊಸ ಪೆಟ್ರೋಲು ಗಾಜಿನ ಬಾಟಲಿಯಲ್ಲಿ ತರಿಸಿದೆ. ಎಲ್ಲ ಜೋಡಿಸಿದ ಮೇಲೆ ಗಂಡ ಬಂದು ಒದ್ದರು, ನಾನು ಗಾಳಿಯ ಸ್ಕ್ರೂ ಹಿಡಿದು ಕೂತೆ. ಒಳಗೆ ತಿರುಗಿಸಿದರೆ ಉಸಿರು ಕಟ್ಟಿದ ಹಾಗೆ ಸದ್ದು, ಹೊರಗೆ ತಿರುಗಿಸಿದರೆ ಮುಗ್ಗರಿಸುವ ಸದ್ದು. ನಡುವೆ ಒಂದು ಕಡೆ ಸಮ ಆಯಿತು. ಆಮೇಲೆ ಇನ್ನೊಂದು ಸ್ಕ್ರೂ ಇಳಿಸುತ್ತಾ ಬಂದೆ. ಟುಕು ಟುಕು ಎನ್ನುತ್ತಾ ಗಾಡಿ ಸಾಯದೆ ತನ್ನಷ್ಟಕ್ಕೆ ನಿಂತಿತು.

ಮರುದಿನವೇ ಬಟ್ಟೆಯ ಗಂಟು ಕಟ್ಟಿಕೊಂಡು ಗಂಡನ ಹಿಂದೆ ಕೂತು ನಾರಾವಿಗೆ ಹೊರಟೆ. ಆಟಿ ಇನ್ನೂ ಸ್ವಲ್ಪ ಉಳಿದಿತ್ತು. ಅಮ್ಮ ಪತ್ರೊಡೆ ಮಾಡಿದಳು. ಗಂಡ ಗಾಡಿಯನ್ನು ಆರಿಸದೆ ಅಂಗಳದಲ್ಲಿ ಹಾಗೇ ಬಿಟ್ಟು ಒಳಗೆ ಬಂದರು, ಎಲ್ಲರೂ ನೋಡಲಿ ಎಂದು.

“ಅದು ಯಾಕೆ ಅಲ್ಲಿ ಬಡ್ಕೊಳ್ತಾ ಉಂಟು?” ಎಂದಳು ಅಮ್ಮ.

“ಸ್ಲೋ ನಿಂತದ್ದು ಅತ್ತೆ. ನಿಮ್ಮ ಮಗಳೇ ಮಾಡಿದ್ದು,” ಎಂದು ತಿಂದೆದ್ದು ಕೈ ತೊಳೆದರು. ನನ್ನ ಕಡೆ ತಿರುಗಿ, “ಹೊರಡುವ.”

“ಹೊರಡುವುದು ಎಂತ? ನಾನು ಕೂರ್ಲಿಕ್ಕೆ ಬಂದದ್ದು. ಇನ್ನು ದೂಡ್ಲಿಕ್ಕೆ ಜನ ಬೇಡವಲ್ಲ?”

“ದೂಡ್ಲಿಕ್ಕೆ ಬೇಡ. ನಾಳೆ ಪುನಃ ಸ್ಲೋ ತಪ್ಪಿದರೆ? ಆ ಮೆಕ್ಯಾನಿಕ್‌ಗೆ ಆಗ್ಲಿಲ್ಲ, ನನಗೂ ಆಗುದಿಲ್ಲ.”

“ತೋರಿಸಿ ಕೊಡ್ತೇನೆ. ಒಂದು ತಂತಿ, ಎರಡು ಸ್ಕ್ರೂ.”

“ನನಗೆ ಅದಕ್ಕೆಲ್ಲ ಎಲ್ಲಿ ಪುರುಸೊತ್ತು?”

ಅಮ್ಮ ಏನಾದರೂ ಹೇಳುತ್ತಾಳೆಂದು ಅವಳ ಮುಖ ನೋಡಿದೆ. ಅವಳಿಗೆ ಖುಷಿಯೋ ಖುಷಿ. “ನೋಡು ಮಗಾ, ನೀನಿಲ್ಲದೆ ಅಳಿಯನಿಗೆ ಒಂದು ಗಳಿಗೆ ಆಗುದಿಲ್ಲ,” ಎಂದು ಉಳಿದ ಪತ್ರೊಡೆಯನ್ನು ಬಾಳೆಲೆಯಲ್ಲಿ ಕಟ್ಟಲು ಒಳಗೆ ಹೋದಳು.

ಗಂಟನ್ನು ಬಿಚ್ಚಿಯೇ ಇರಲಿಲ್ಲ. ಹಾಗೇ ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಮರುವರ್ಷ ನಾನು ಹಳಬಳು. ಆಟಿ ಕೂರಿಸುವುದು ಹೊಸಬರನ್ನು.